ಕೈಗೆ ಗೊತ್ತೇ ಆಗದ ಬ್ಯಾಂಡ್

ಹೊಸನಗರದಲ್ಲಿ ಆರತಿಯ ಮನೆಯ ಜಗಲಿಯ ಮೇಲೆ ಕೂತು ಪದ್ಮಲತಾ ಸೂರ್ಯನನ್ನೇ ನೋಡುತ್ತಿದ್ದಳು. ಅವನು ಎದುರಿನ ಗುಡ್ಡದ ಹಿಂದೆ ಇಳಿಯುವುದರೊಳಗೆ ಊಟ ಮುಗಿಯಬೇಕು. ಊಟಕ್ಕೆ ಮೊದಲು ಅವಳ ಸರದಿ ಮುಗಿಯಬೇಕು. ಸರದಿ ಬಂದಾಗ ಬಾಯಿಬಿಟ್ಟು ಏನು ಹೇಳಬೇಕು ಎಂಬುದೊಂದು ಮಾತ್ರ ಮೂರು ವಾರದಿಂದ ಯೋಚಿಸಿದರೂ ಅವಳಿಗೆ ಹೊಳೆದಿರಲಿಲ್ಲ.

ಈಜು, ಸೈಕಲ್ಲು, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮಾಡಿ ಮುಗಿಸುವ ಟ್ರಯಥ್ಲಾನ್ ಎಂಬ ಹುಚ್ಚಿಗೆ ಬಿದ್ದವರೆಲ್ಲ ಹೆದರುವುದು ಕಟ್-ಆಫ್ ಎಂಬ ಗಡುವಿಗೆ. ಪದ್ಮಲತಾ ಅದಕ್ಕೆ ಯಾವತ್ತೂ ಹೆದರಿದವಳಲ್ಲ. ಜೈನರ ಮನೆಯಲ್ಲಿ ಹುಟ್ಟಿ, ಜೈನರ ಮನೆಯನ್ನೇ ಸೇರಿ, ನಲವತ್ತಾರು ವರ್ಷ ಹೊತ್ತು ಮುಳುಗುವ ಮೊದಲೇ ಉಂಡು ಕೈ ತೊಳೆದವಳಿಗೆ ಗಡುವು ಅಂದರೇನೆಂದು ಬೇರೆಯವರು ಹೇಳಿಕೊಡಬೇಕೇ? ಆದರೆ ಇವತ್ತು ಅವಳು ಮನಸ್ಸಿನಲ್ಲೇ ಸೂರ್ಯನಿಗೆ, ಬೇಗ ಮುಳುಗಪ್ಪ, ಒಂದು ಹೊತ್ತು ಉಪವಾಸ ಬೇಕಾದರೂ ಇರುತ್ತೇನೆ, ಮಾತು ಮಾತ್ರ ನಾಳೆಗೆ ಹೋಗಲಿ ಎಂದು ಕೇಳಿಕೊಳ್ಳುತ್ತಿದ್ದಳು.

ಅವರು ನಾಲ್ಕೇ ಜನ. ಸಾಗರದ ಕಾಲೇಜಿನಲ್ಲಿ ಪಾಠ ಮಾಡುವ ಕವನಾ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಜೋರು ಓಡುವವಳು. ಆರತಿ ಇಲ್ಲಿನ ಹೈಸ್ಕೂಲಿನ ಟೀಚರು. ಸರೋಜಕ್ಕ ಕೋಣಂದೂರಿನ ಕೃಷಿಕರ ಮನೆಯವಳು, ಐವತ್ತೊಂದು ವರ್ಷದವಳು. ಪದ್ಮಲತಾಳದ್ದು ತೀರ್ಥಹಳ್ಳಿ ಪೇಟೆಯಲ್ಲಿ ಬಳೆ ಅಂಗಡಿ. ಬೋರ್ಡಿನ ಮೇಲೆ ಗಂಡ ಭರತೇಶನ ಹೆಸರಿದೆ, ಒಳಗೆ ಕೂರುವವಳು ಇವಳು. ನಾಲ್ವರ ವಾಟ್ಸಪ್ ಗುಂಪಿನ ಹೆಸರು ‘ನೀರು ಗಾಲಿ ಕಾಲು’. ಅದಕ್ಕೆ ಇದ್ದದ್ದು ಒಂದೇ ಕಾನೂನು: ಸೀಸನ್ನಿನಲ್ಲಿ ಸ್ಪರ್ಧೆ ಮಾಡಿದವಳು ಒಂದು ಸ್ಪರ್ಧೆಗಾದರೂ ಸ್ವಯಂಸೇವಕಿಯಾಗಿ ನಿಲ್ಲಬೇಕು. ಸೀಸನ್ ಮುಗಿದ ಮೇಲೆ ಒಂದು ಭಾನುವಾರ ಎಲ್ಲರೂ ಸೇರಿ, ಓಡಿದ್ದರ ಕಥೆ ಒಂದು, ನಿಂತಿದ್ದರ ಕಥೆ ಒಂದು ಹೇಳಬೇಕು. ಹೇಳದವಳಿಗೆ ಊಟವಿಲ್ಲ.

ಕವನಾ ಮೊದಲು ಶುರುಮಾಡಿದಳು. ಈಜುವಾಗ ಅವಳ ಪಕ್ಕದಲ್ಲೇ ಯಾರೋ ಬುಸುಗುಡುತ್ತ ಬಂದರಂತೆ. ಯಾರಪ್ಪ ಇಷ್ಟು ಪೈಪೋಟಿ ಕೊಡುವವಳು ಎಂದು ಇವಳು ಇದ್ದ ಬಲವನ್ನೆಲ್ಲ ಹಾಕಿ ಕೈ ಬೀಸಿ, ದಡ ಮುಟ್ಟಿ ತಿರುಗಿ ನೋಡಿದರೆ ಎಮ್ಮೆ. ಅವಳ ಈಜಿನ ಅತ್ಯುತ್ತಮ ಸಮಯ ದಾಖಲಾದದ್ದು ಅವತ್ತೇ. ಸ್ವಯಂಸೇವೆಯ ದಿನ ಅವಳಿಗೆ ಬಂದದ್ದು ಸ್ಪರ್ಧಿಗಳ ತೋಳಿನ ಮೇಲೆ ಮಾರ್ಕರಿನಿಂದ ನಂಬರು ಬರೆಯುವ ಕೆಲಸ. ಊರಿನ ಕನ್ನಮ್ಮ ಎಂಬ ಅಜ್ಜಿ ಅದನ್ನು ಹಚ್ಚೆ ಹಾಕುವುದೆಂದು ತಿಳಿದು ಸಾಲಿನಲ್ಲಿ ನಿಂತು, ಗಂಡನ ಹೆಸರು ಬರೆಸಿಕೊಂಡು ಹೋದಳಂತೆ. ಎರಡು ದಿನಕ್ಕೆ ಗಂಡ ಅಳಿಸಿಹೋದ ಎಂದು ದೂರು ಬಂದಿದೆ, ಏನು ಮಾಡಲಿ ಎಂದು ಕವನಾ ಕೇಳಿದಾಗ ಜಗಲಿಯೇ ನಕ್ಕಿತು. ಪದ್ಮಲತಾ ಎಲ್ಲರಿಗಿಂತ ತಡವಾಗಿ ನಕ್ಕಳು.

ಆಮೇಲೆ ಸರೋಜಕ್ಕ ಸೆರಗು ಸರಿಮಾಡಿಕೊಂಡು ಕೂತಳು. ಪದ್ಮಲತಾ ತನ್ನ ಬಳೆಗಳನ್ನು ಮೊಣಕೈಯತ್ತ ಸರಿಸಿ ಮತ್ತೆ ಇಳಿಸಿದಳು.

ಸರೋಜಕ್ಕ ಈ ಸೀಸನ್ನಿನಲ್ಲಿ ಮೂರು ಸಲ ಸ್ಪರ್ಧಿಸಿದವಳು. ಮೊದಲ ಸಲ ಈಜಿ ಮೇಲೆ ಬಂದವಳು ಸೈಕಲ್ ಹತ್ತುವ ಬದಲು ಟವೆಲನ್ನು ಹಿಂಡಿ, ಬಿಸಿಲು ನೋಡಿ ಹರವಿ, ಒದ್ದೆ ತಲೆಯಲ್ಲಿ ಹೋದರೆ ನೆಗಡಿಯಾಗುತ್ತದೆಂದು ಜಡೆ ಬಿಚ್ಚಿ ಒರೆಸಿ ಮತ್ತೆ ಹೆಣೆದುಕೊಂಡಳು. ಅಲ್ಲಿಗೆ ಹದಿನಾಲ್ಕು ನಿಮಿಷ ಹೋಗಿ, ಗಡುವೂ ಹೋಯಿತು. ಎರಡನೆಯ ಸಲ ಟೈರು ಪಂಕ್ಚರ್. ಮೂರನೆಯದು ಕೆಳದಿ ಹತ್ತಿರ, ಜನವರಿಯ ಕೊನೆಯ ಭಾನುವಾರ, ಸೀಸನ್ನಿನ ಕೊನೆಯ ಸ್ಪರ್ಧೆ. ಅವತ್ತು ಅವಳು ಈಜಿದಳು, ತುಳಿದಳು, ಓಡಿದಳು, ಗಡುವಿಗೆ ಮೂರು ನಿಮಿಷ ಇರುವಾಗಲೇ ಕೊನೆಯ ಗೆರೆ ದಾಟಿದಳು. ದಾಟಿದ ಮೇಲೆ ಸ್ಪರ್ಧೆಯ ಯಜಮಾನಿಕೆ ವಹಿಸಿದ್ದ ಸಾಗರದ ನಿವೃತ್ತ ಪಿ.ಟಿ. ಮಾಸ್ತರು ಗಜಾನನ, “ಕೈ ತೋರಿಸಿ” ಅಂದರು. ಓಟದ ದಾರಿಯ ತಿರುವಿನಲ್ಲಿ ಪ್ರತಿಯೊಬ್ಬರ ಮುಂಗೈಗೂ ಹಳದಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಅದಿದ್ದರೆ ಪೂರ್ತಿ ಓಡಿದ್ದಾರೆಂದು ಅರ್ಥ. ಸರೋಜಕ್ಕನ ಕೈ ಖಾಲಿ ಇತ್ತು.

“ಹಾಕಿದ್ದು ಯಾರು? ನಮ್ಮ ಪದ್ಮ,” ಎಂದಳು ಸರೋಜಕ್ಕ. “ಅವಳು ತೊಡಿಸಿದ್ದು ಕೈಗೆ ಗೊತ್ತೇ ಆಗಲ್ಲ ನೋಡಿ. ಹಂಗೇ ಜಾರಿ ಬಿದ್ದಿದ್ದೂ ಗೊತ್ತಾಗ್ಲಿಲ್ಲ ನಂಗೆ.”

ಪದ್ಮಲತಾಳ ಕೈಗುಣ ತೀರ್ಥಹಳ್ಳಿ ಸೀಮೆಗೆಲ್ಲ ಗೊತ್ತು. ಅಂಗೈಯನ್ನು ಒಮ್ಮೆ ಮೃದುವಾಗಿ ಅದುಮಿ, ಅಮ್ಮ ಹೇಗಿದ್ದಾರೆ, ತವರಿಗೆ ಯಾವಾಗ ಹೋಗಿದ್ದೆ ಎಂದು ಮಾತಿಗೆಳೆದು, ಎದುರಿನವಳು ಉತ್ತರ ಹೇಳಿ ಮುಗಿಸುವುದರೊಳಗೆ ಡಜನ್ ಬಳೆ ಏರಿಸಿಬಿಡುವಳು. ಮಂಡಗದ್ದೆಯ ಮದುಮಗಳೊಬ್ಬಳು ಎರಡು ಕೈ ತುಂಬ ತೊಡಿಸಿಯಾದ ಮೇಲೆ, ಶುರು ಮಾಡುವುದು ಯಾವಾಗ ಎಂದು ಕೇಳಿದ್ದಳು. ತಿರುವಿನಲ್ಲಿ ಬ್ಯಾಂಡ್ ಹಾಕಲು ಇವಳಿಗಿಂತ ಬೇರೆ ಯಾರು ಬೇಕು ಎಂದು ಗಜಾನನ ಮಾಸ್ತರು ಆ ಕೆಲಸವನ್ನು ಇವಳಿಗೆ ಕೊಟ್ಟದ್ದೂ ಅದಕ್ಕೇ.

ನಿಜವಾಗಿ ನಡೆದದ್ದು ಇಷ್ಟು. ಪದ್ಮಲತಾ ತಿರುವಿನ ಮೋರಿಕಟ್ಟೆಯ ಹತ್ತಿರ ಟೇಬಲ್ ಹಾಕಿ ನಿಂತಿದ್ದಳು. ಮಾಸ್ತರು ಹೇಳಿದ್ದು ಬ್ಯಾಂಡ್ ಮತ್ತು ನೀರು. ಆದರೆ ಬಾಗಿಲಿಗೆ ಬಂದ ಹೆಂಗಸನ್ನು ಬರೀ ನೀರು ಕೊಟ್ಟು ಕಳಿಸುವುದುಂಟೇ? ಅವಳು ಮನೆಯಿಂದ ಬೆಲ್ಲದ ತುಂಡು, ಅರಿಶಿನ ಕುಂಕುಮದ ಬಟ್ಟಲು, ಒಂದು ಬುಟ್ಟಿ ಸೇವಂತಿಗೆ ತಂದಿಟ್ಟುಕೊಂಡಿದ್ದಳು. ಓಡಿಬಂದ ಹೆಂಗಸರಿಗೆಲ್ಲ ಬೆಲ್ಲ, ನೀರು, ಹಣೆಗೆ ಕುಂಕುಮ, ಮುಡಿಗೆ ಹೂವು, ಕೈಗೆ ಬ್ಯಾಂಡ್. ಹೊಸತನದ ಹುರುಪಿಗೆ ರಸ್ತೆಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಆ ಊರಿನ ಹಾಲಮ್ಮನಿಗೂ ಕೊಟ್ಟಳು, ಬ್ಯಾಂಡೊಂದು ಬಿಟ್ಟು. ಸಾಲಿನ ಕೊನೆಕೊನೆಗೆ ಸರೋಜಕ್ಕ ಕಾಣಿಸಿದಳು. ಎರಡು ಸಲ ಸೋತವಳು ಇವತ್ತು ತಿರುವಿನ ತನಕ ಬಂದೇಬಿಟ್ಟಳಲ್ಲ ಎಂದು ಪದ್ಮಲತಾ ಹಿಗ್ಗಿಹೋದಳು. ಬೆಲ್ಲ ಬಾಯಿಗೇ ಹಾಕಿದಳು, ನೀರು ಕುಡಿಸಿದಳು, ಕುಂಕುಮ ಇಟ್ಟಳು, ಎರಡು ಹೂವು ಮುಡಿಸಿದಳು, ಕೆನ್ನೆ ಸವರಿದಳು, ಓಡಿ ಓಡಿ ಎಂದು ಬೆನ್ನು ತಟ್ಟಿ ಕಳಿಸಿದಳು. ಬ್ಯಾಂಡ್ ಮಾತ್ರ ಅವಳ ಕೈಯಲ್ಲೇ ಉಳಿಯಿತು. ಬಳೆಯವರ ಅಭ್ಯಾಸ ಅದು. ಮುಂದೆ ತೊಡಿಸುವುದನ್ನು ತಮ್ಮ ಮುಂಗೈಗೆ ಏರಿಸಿಟ್ಟುಕೊಳ್ಳುತ್ತಾರೆ.

ಮಧ್ಯಾಹ್ನ ಮೈದಾನದಲ್ಲಿ ಸರೋಜಕ್ಕ ಅಳುಮುಖ ಮಾಡಿಕೊಂಡು ಬ್ಯಾಂಡ್ ಬಿದ್ದುಹೋಯಿತೆಂದಾಗ ಪದ್ಮಲತಾ ಪ್ರಾಮಾಣಿಕವಾಗಿಯೇ ಮರುಗಿದಳು. ಸಂಜೆ ತೀರ್ಥಹಳ್ಳಿ ಸೇರಿ, ಊಟಕ್ಕೆ ಮೊದಲು ಕೈ ತೊಳೆಯಲು ಬಳೆ ಮೇಲೇರಿಸಿದರೆ, ಹಸಿರು ಗಾಜಿನ ನಡುವೆ ಹಳದಿ ರಬ್ಬರು. ಅದನ್ನು ಕಿತ್ತು ಹಿಡಿದುಕೊಂಡಿದ್ದಾಗಲೇ ಫೋನ್ ಬಂತು. ಸರೋಜಕ್ಕ. ಬೇಜಾರು ಮಾಡ್ಕೋಬೇಡ ಪದ್ಮ, ನಿನ್ನ ತಪ್ಪೇನೂ ಇಲ್ಲ, ನೀನು ಸರಿಯಾಗೇ ಹಾಕಿದ್ದೆ, ನನ್ನ ಕೈಯೇ ಸರಿಯಿಲ್ಲ ಎಂದು ಸಮಾಧಾನ ಹೇಳಲು ಮಾಡಿದ್ದಂತೆ. ಪದ್ಮಲತಾ ಕೈಯಲ್ಲಿದ್ದ ಬ್ಯಾಂಡನ್ನು ನೋಡುತ್ತ, “ಹೌದಾ?” ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ‘ಹೌದಾ’ ಬಾಯಿಂದ ಬಿದ್ದಮೇಲೆ ಎರಡನೆಯ ದಿನ ನಿಜ ಹೇಳುವುದು ಮೊದಲ ದಿನಕ್ಕಿಂತ ಕಷ್ಟ, ಮೂರನೆಯ ದಿನ ಅದಕ್ಕಿಂತ ಕಷ್ಟ. ಸರೋಜಕ್ಕ ಮುಖ ತಿರುಗಿಸಿದರೆ ಬೆಳಗ್ಗೆ ಫೋನ್ ಮಾಡಿ, ಎದ್ದೆಯಾ, ಸೈಕಲ್ ಹತ್ತಿದೆಯಾ ಎಂದು ಕೇಳುವವರು ಯಾರು? ಹೊಳೆಯಲ್ಲಿ ಈಜು ಕಲಿಯುವಾಗ ಇಬ್ಬರೂ ಒಬ್ಬರ ಸೊಂಟಕ್ಕೊಬ್ಬರು ಕೈಕೊಟ್ಟು ಕಲಿತವರು. ಪದ್ಮಲತಾಳ ಕೈಗುಣದ ಹೆಸರು ಹೋದರೂ ಹೋಗಲಿ, ಈ ಒಬ್ಬಳು ಹೋಗಬಾರದು ಎಂಬುದೇ ಅವಳ ಹೆದರಿಕೆ.

ಗಜಾನನ ಮಾಸ್ತರು ಒಂದು ದಾರಿ ಬಿಟ್ಟಿದ್ದರು. ಬ್ಯಾಂಡ್ ಸಿಕ್ಕಿದರೆ ಫೆಬ್ರವರಿ ಕೊನೆಯೊಳಗೆ ತಂದು ತೋರಿಸಿ, ಮುಗಿಸಿದವರ ಪಟ್ಟಿಗೆ ಹೆಸರು ಸೇರಿಸುತ್ತೇನೆ ಅಂದಿದ್ದರು. ಸರೋಜಕ್ಕ ಊರ ದೇವತೆ ಚೌಡಿಗೆ ಒಂದು ಕಾಯಿ ಹೇಳಿಕೊಂಡು ಹುಡುಕಲು ಹೊರಟಳು. ಅದು ತಿಳಿದ ಪದ್ಮಲತಾಳಿಗೆ ಉಪಾಯ ಹೊಳೆಯಿತು. ಬ್ಯಾಂಡನ್ನು ಆ ದಾರಿಯಲ್ಲೇ ಬೀಳಿಸಿ ಬಂದರಾಯಿತು, ಹುಡುಕುವವಳಿಗೆ ಸಿಗುತ್ತದೆ. ಕೆಳದಿಯ ಮ್ಯೂಸಿಯಂ ನೋಡಿ ಬರುತ್ತೇನೆ ಎಂದು ಗಂಡನಿಗೆ ಹೇಳಿ ಮಂಗಳವಾರ ಬಸ್ ಹತ್ತಿದಳು. ಮದುವೆಯಾದಂದಿನಿಂದ ಹೆಂಡತಿಯ ಬಾಯಲ್ಲಿ ಮ್ಯೂಸಿಯಂ ಎಂಬ ಶಬ್ದವನ್ನೇ ಕೇಳದಿದ್ದ ಭರತೇಶ್, ಮೈ ಹುಷಾರಿದೆಯಾ ಎಂದು ಮಾತ್ರ ಕೇಳಿದ.

ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮೋರಿಕಟ್ಟೆಯ ಹತ್ತಿರ ಬಗ್ಗಿ ಬ್ಯಾಗಿಗೆ ಕೈಹಾಕುವ ಹೊತ್ತಿಗೆ ಸರಿಯಾಗಿ ಹಾಲಮ್ಮ ಎಮ್ಮೆಗಳೊಂದಿಗೆ ಬಂದು, ಇವತ್ತೂ ಓಟ ಇದೆಯಾ, ಕುಂಕುಮ ತಂದಿದ್ದೀಯಾ ಎಂದು ವಿಚಾರಿಸಿಕೊಂಡಳು. ಪದ್ಮಲತಾ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕಲ್ಲಿನಡಿ ತುರುಕಿ, ದೂರದಲ್ಲಿ ಕಂಡ ಬಸ್ಸಿಗೆ ಓಡಿದಳು. ಆ ಓಟ ಸ್ಪರ್ಧೆಯಲ್ಲಿ ಓಡಿದ್ದರೆ ಬಹುಮಾನ ಬರುತ್ತಿತ್ತು. ಮಾರನೆಯ ದಿನ ಸರೋಜಕ್ಕ ಗಂಡನನ್ನೂ ಕರೆದುಕೊಂಡು ಬಂದು ಆ ದಾರಿಯನ್ನೆಲ್ಲ ಜಾಲಾಡಿದಳು. ಬ್ಯಾಂಡ್ ಸಿಗಲಿಲ್ಲ. ಹೇಗೆ ಸಿಗಲಿಲ್ಲ ಎಂಬುದು ಪದ್ಮಲತಾಳಿಗೆ ಇವತ್ತಿನ ತನಕ ಬಿಡಿಸಲಾಗದ ಒಗಟಾಗಿತ್ತು.

ಜಗಲಿಯಲ್ಲಿ ಸರೋಜಕ್ಕ ಕಥೆ ಮುಗಿಸುತ್ತಿದ್ದಳು. ತನಗೆ ಬೇಜಾರಿಲ್ಲ, ಮಾವನದ್ದೇ ಬೇಜಾರು ಎಂದಳು. ಮಾವ ಮುಕುಂದಯ್ಯ, ನಮ್ಮ ಸೊಸೆ ಮೂರನ್ನೂ ಮುಗಿಸಿದಳು ಎಂದು ಕೋಣಂದೂರು ಸಂತೆಗೆಲ್ಲ ಸಾರಿಬಿಟ್ಟಿದ್ದ. ಕ್ಷೌರದಂಗಡಿಯ ಗೋಪಾಲಪ್ಪ ಮೊಬೈಲಿನಲ್ಲಿ ಪಟ್ಟಿ ತೆಗೆದು, ಹೆಸರಿಲ್ಲವಲ್ಲ ಯಜಮಾನ್ರೇ ಅಂದನಂತೆ. ಅಂದಿನಿಂದ ಮುಕುಂದಯ್ಯ ಕ್ಷೌರಕ್ಕೆ ಬಸ್ ಹತ್ತಿ ಬೇರೆ ಊರಿಗೆ ಹೋಗುತ್ತಿದ್ದ.

ಪದ್ಮಲತಾ ಸೂರ್ಯನನ್ನು ನೋಡಿದಳು. ಒಂದು ಗೇಣು ಇಳಿದಿದ್ದ, ಅಷ್ಟೇ.

ಆರತಿಯ ಸರದಿ. ಸೈಕಲ್ ತುಳಿಯುವಾಗ ದಾರಿಯಲ್ಲಿ ಸಿಕ್ಕ ಪರಿಚಯದವರನ್ನೆಲ್ಲ ಮಾತಾಡಿಸದೆ ಹೋದರೆ ಟೀಚರಿಗೆ ಜಂಬ ಅನ್ನುತ್ತಾರೆಂದು ನಿಂತು ನಿಂತು ಹನ್ನೊಂದು ನಿಮಿಷ ಕಳೆದುಕೊಂಡದ್ದನ್ನು ಅವಳು ಬೇಗ ಬೇಗ ಹೇಳಿ ಮುಗಿಸಿದಳು. ನಿಂತದ್ದರ ಕಥೆಗೆ ಬಂದಾಗ ನಿಧಾನವಾದಳು. ಕೆಳದಿಯ ಸ್ಪರ್ಧೆಯಲ್ಲಿ ಅವಳದ್ದು ದಾರಿ ಸ್ವಚ್ಛ ಮಾಡುವ ಕೆಲಸ. ಭಾನುವಾರ ಸಂಜೆ ಒಂದು ಬಾಳೆಹಣ್ಣಿನ ಸಿಪ್ಪೆಯೂ ಬಿಡದಂತೆ ಗುಡಿಸಿದ್ದಳು. ಆದರೂ ಬಾಟಲಿ ಮುಚ್ಚಳ ಉಳಿದಿವೆ ಎಂದು ಯಾರೋ ಹೇಳಿದ್ದಕ್ಕೆ ಮಂಗಳವಾರ ಶಾಲೆ ಬಿಟ್ಟಮೇಲೆ ಮತ್ತೆ ಹೋದಳು. ಮೋರಿಕಟ್ಟೆಯ ಕಲ್ಲಿನಡಿ ಒಂದು ಪೊಟ್ಟಣ ಸಿಕ್ಕಿತು. ಕಸದ ಚೀಲಕ್ಕೆ ಹಾಕಿದ್ದಳು, ನಿನ್ನೆ ಚೀಲ ವಿಂಗಡಿಸುವಾಗ ಬಿಚ್ಚಿ ನೋಡಿದಳು. ಆರತಿ ಒಳಗೆ ಹೋಗಿ ಆ ಪೊಟ್ಟಣವನ್ನು ತಂದು ಚಾಪೆಯ ಮೇಲಿಟ್ಟಳು.

ಹಳೆಯ ಪೇಪರು, ಅದರೊಳಗೆ ಒಂದು ಪದರ ಹತ್ತಿ, ಹತ್ತಿಯೊಳಗೆ ಹಳದಿ ಬ್ಯಾಂಡ್. ಪಕ್ಕದಲ್ಲಿ ಎರಡು ಸುತ್ತು ಸುತ್ತಿ ಕುಣಿಕೆ ಹಾಕಿದ ಕೆಂಪು ದಾರ. ಪದ್ಮಲತಾ ಅದನ್ನು ಕಟ್ಟಿದ್ದು ತನಗೇ ಅರಿವಿಲ್ಲದೆ. ಅಂಗಡಿಯಿಂದ ಹೊರಗೆ ಹೋಗುವ ಯಾವ ಬಳೆಯನ್ನೂ ಅವಳು ಸುತ್ತದೆ ಕೊಟ್ಟವಳಲ್ಲ. ಬಿದ್ದುಹೋದ ಬ್ಯಾಂಡು ತನ್ನನ್ನು ತಾನೇ ಹತ್ತಿಯಲ್ಲಿ ಸುತ್ತಿಕೊಂಡು, ದಾರ ಕಟ್ಟಿಕೊಂಡು ಮಲಗುವುದಿಲ್ಲ ಎಂಬುದು ಗಾಬರಿಯಲ್ಲಿ ಅವಳ ತಲೆಗೆ ಬಂದಿರಲಿಲ್ಲ.

ಆರತಿ ಯಾರ ಮುಖವನ್ನೂ ನೋಡದೆ, ಪಲ್ಯಕ್ಕೆ ಒಗ್ಗರಣೆ ಹಾಕಬೇಕು ಎಂದು ಒಳಗೆ ಹೋದಳು. ಅವಳಿಗೆ ಗೊತ್ತಾಗಿದೆ ಎಂಬುದು ಪದ್ಮಲತಾಳಿಗೆ ಆಗಲೇ ಗೊತ್ತಾಯಿತು. ಆರತಿ ಇವತ್ತು ಪದ್ಮಲತಾಳ ಸರದಿಯನ್ನು ಕೊನೆಗೆ ಇಟ್ಟದ್ದು ಯಾಕೆಂದೂ ಗೊತ್ತಾಯಿತು.

ಕವನಾ ಮಾತ್ರ ಸಂತೋಷದಿಂದ ಎದ್ದುನಿಂತಳು. ಯಾರೋ ಪುಣ್ಯಾತ್ಮರಿಗೆ ಸಿಕ್ಕಿರಬೇಕು, ಒದ್ದೆಯಾಗದಿರಲಿ ಎಂದು ಸುತ್ತಿಟ್ಟಿರಬೇಕು, ಒಂದು ಫೋಟೋ ತೆಗೆದು ಗಜಾನನ ಸರ್‌ಗೆ ಕಳಿಸಿದರೆ ಐದು ನಿಮಿಷದಲ್ಲಿ ಸರೋಜಕ್ಕನ ಹೆಸರು ಪಟ್ಟಿಯಲ್ಲಿರುತ್ತದೆ ಎಂದಳು. ಮೊಬೈಲನ್ನೂ ತೆಗೆದಳು. ಪದ್ಮಲತಾಳಿಗೆ ಉಸಿರು ಬಂತು. ಎಲ್ಲ ತಾನಾಗಿಯೇ ಸರಿಹೋಗುತ್ತಿತ್ತು. ಅವಳು ಮಾಡಬೇಕಾದ್ದು ಬಾಯಿ ಮುಚ್ಚಿಕೊಂಡಿರುವುದು ಒಂದೇ, ಅದೂ ಇನ್ನು ಐದೇ ನಿಮಿಷ.

ಸರೋಜಕ್ಕ ಬ್ಯಾಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಅವಳ ಕಣ್ಣು ಒದ್ದೆಯಾಯಿತು. ಪದ್ಮಲತಾಳ ಕಡೆ ಸರಿದು ಕೂತಳು.

“ನಿಂಗೊಂದು ಮಾತು ಹೇಳ್ಬೇಕಿತ್ತು ಪದ್ಮ. ಮೈದಾನದಲ್ಲಿ ಒಂದಿಬ್ಬರು, ಬಳೆಯಮ್ಮ ಸಡಿಲ ಹಾಕಿರಬೇಕು ಅಂದ್ರು. ನಂಗೆ ಎಂತ ಹೇಳ್ಬೇಕು ಅಂತ ತೋಚಲಿಲ್ಲ, ಸುಮ್ಮನಿದ್ದೆ. ನಿನ್ನ ಕೈಗೆ ನನ್ನಿಂದ ಕೆಟ್ಟ ಹೆಸರು ಬಂತು. ಅದೊಂದು ಮನಸ್ಸಲ್ಲಿ ಕೊರೀತಿತ್ತು. ತಪ್ಪಾಯ್ತು ಮಾರಾಯ್ತಿ.”

ಬಯ್ದಿದ್ದರೆ ಪದ್ಮಲತಾ ಸುಮ್ಮನಿರುತ್ತಿದ್ದಳೋ ಏನೋ. ಕ್ಷಮೆ ಕೇಳಿದ್ದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

“ಸರೋಜಕ್ಕ, ಅದು ನಿಮ್ಮ ಕೈಯಿಂದ ಬಿದ್ದಿಲ್ಲ,” ಎಂದಳು. “ನಿಮ್ಮ ಕೈಗೆ ಬಂದೇ ಇಲ್ಲ. ನಾನು ಹಾಕ್ಲೇ ಇಲ್ಲ.”

ಆಮೇಲೆ ಉಳಿದದ್ದೆಲ್ಲ ಒಂದೇ ಉಸಿರಿಗೆ ಬಂತು. ಹಸಿರು ಬಳೆಗಳ ನಡುವೆ ಸಿಕ್ಕಿದ್ದು, ‘ಹೌದಾ’ ಅಂದದ್ದು, ಮ್ಯೂಸಿಯಮ್ಮು, ಹಾಲಮ್ಮನ ಎಮ್ಮೆ, ಕಲ್ಲು, ಬಸ್ಸು. ಎಮ್ಮೆಯ ವಿಷಯಕ್ಕೆ ಬಂದಾಗ ಕವನಾಗೆ ನಗು ಬಂತು, ಸರೋಜಕ್ಕನ ಮುಖ ನೋಡಿ ನುಂಗಿಕೊಂಡಳು. ಒಳಗೆ ಒಗ್ಗರಣೆ ಸಿಡಿಯುವ ಸದ್ದೂ ನಿಂತಿತ್ತು.

ಸರೋಜಕ್ಕ ಬ್ಯಾಂಡನ್ನು ಚಾಪೆಯ ಮೇಲಿಟ್ಟಳು.

“ಆ ಮೋರಿ ಒಳಗೆ ಇಳಿದು ಹುಡುಕಿದೀನಿ,” ಎಂದಳು. “ನಮ್ಮನೆಯವರ ಕಾಲಿಂದ ಏಳು ಉಣುಗು ಕಿತ್ತಿದೀನಿ. ನೀನು ಅವತ್ತು ಫೋನಲ್ಲಿ ಹೌದಾ ಅಂದೆ.”

ಸರೋಜಕ್ಕ ಎದ್ದಳು, ಚಪ್ಪಲಿ ಮೆಟ್ಟಿದಳು, ಅಂಗಳ ದಾಟಿ ಗೇಟಿನ ತನಕ ಹೋದಳು. ಕೋಣಂದೂರಿನ ಕಡೆಯ ಬಸ್ಸು ಬರುವ ಹೊತ್ತು. ಪದ್ಮಲತಾ ಕೂತಲ್ಲಿಂದಲೇ ಗೇಟಿನ ಕಡೆ ನೋಡಿದಳು. ಬಸ್ಸು ಬಂತು, ಗೇಟಿನ ಮುಂದೆ ಧೂಳೆಬ್ಬಿಸಿ ಹೋಯಿತು. ಧೂಳು ಇಳಿದಾಗ ಸರೋಜಕ್ಕ ಅಲ್ಲೇ ನಿಂತಿದ್ದಳು. ತಿರುಗಿ ಬಂದಳು.

“ಮೊಬೈಲ್ ತೆಗಿ,” ಎಂದಳು. “ನಂಗೆ ಹೇಳಿದ್ದು ಸಾಲಲ್ಲ. ಸ್ಪರ್ಧೆಯ ವಾಟ್ಸಪ್ ಗುಂಪಲ್ಲಿ ಬರಿ. ಅದ್ರಲ್ಲಿ ಮಾವನೂ ಇದಾರೆ, ಗೋಪಾಲಪ್ಪನೂ ಇದಾನೆ.”

ಆ ಗುಂಪಿನಲ್ಲಿ ನೂರ ನಲವತ್ತು ಜನ. ಅರ್ಧಕ್ಕರ್ಧ ಪದ್ಮಲತಾಳ ಅಂಗಡಿಗೆ ಬರುವವರು. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತಿದಳು: ಕೆಳದಿಯ ತಿರುವಿನಲ್ಲಿ ನಾನು ಸರೋಜ ಅವರಿಗೆ ಕುಂಕುಮ, ಹೂವು ಕೊಟ್ಟೆ, ಬ್ಯಾಂಡ್ ಹಾಕಲು ಮರೆತೆ, ಮರೆತದ್ದನ್ನು ಮೂರು ವಾರ ಮುಚ್ಚಿಟ್ಟೆ, ತಪ್ಪು ನನ್ನದು, ಪದ್ಮಲತಾ, ಬಳೆ ಅಂಗಡಿ, ತೀರ್ಥಹಳ್ಳಿ. ಕಳಿಸುವ ಗುಂಡಿಯ ಮೇಲೆ ಬೆರಳು ಒಂದು ಕ್ಷಣ ನಿಂತಿತು. ಸೂರ್ಯ ಗುಡ್ಡದ ನೆತ್ತಿಗೆ ತಾಗಿದ್ದ. ಒತ್ತಿದಳು.

ಮೊದಲ ಉತ್ತರ ಗಜಾನನ ಮಾಸ್ತರದ್ದು. ಅಂತಿಮ ಗೆರೆಯ ಫೋಟೋದಲ್ಲಿ ಸದರಿ ಸ್ಪರ್ಧಿಯ ಮುಡಿಯಲ್ಲಿ ಸೇವಂತಿಗೆ ಎರಡು ಇರುವುದು ಪರಿಶೀಲನೆಯಿಂದ ಕಂಡುಬಂದಿದೆ, ಹೂವು ತಿರುವಿನಲ್ಲಿ ಮಾತ್ರ ವಿತರಣೆಯಾಗಿದೆ, ಹೆಸರು ಸೇರಿಸಲಾಗಿದೆ, ಮುಂದಿನ ಬಾರಿ ಸ್ವಯಂಸೇವಕರು ಮೊದಲು ಬ್ಯಾಂಡ್, ನಂತರ ಉಪಚಾರ ಎಂಬುದನ್ನು ಗಮನಿಸತಕ್ಕದ್ದು. ಎರಡನೆಯದು ಮುಕುಂದಯ್ಯನದು. ಅದರಲ್ಲಿ ಒಂದೇ ಸಾಲಿತ್ತು: ಗೋಪಾಲಪ್ಪ, ನಾಳೆ ಬೆಳಗ್ಗೆ ಬೇಗ ಅಂಗಡಿ ತೆಗಿ.

ಅದನ್ನು ಓದಿ ಕವನಾ ತಡೆಯಲಾರದೆ ನಕ್ಕಳು. ಒಳಗಿಂದ ಆರತಿಯೂ ನಕ್ಕಳು, ಎಲೆ ಹಾಕಿದೆ, ಇನ್ನು ಹತ್ತೇ ನಿಮಿಷ ಹೊತ್ತಿರುವುದು, ಏಳಿ ಏಳಿ ಎಂದು ಕರೆದಳು. ಕೊಟ್ಟೆ ಕಡುಬಿನ ಹಬೆ ಜಗಲಿಯ ತನಕ ಬಂತು. ಸರೋಜಕ್ಕ ಮಾತ್ರ ನಗಲಿಲ್ಲ. ಬ್ಯಾಂಡನ್ನು ಪದ್ಮಲತಾಳ ಮಡಿಲಿಗೆ ಹಾಕಿ, ಬಲಗೈ ಮುಂದೆ ಚಾಚಿದಳು.

“ಈಗ ಹಾಕು,” ಎಂದಳು.

ಪದ್ಮಲತಾ ಆ ಕೈಯನ್ನು ಹಿಡಿದುಕೊಂಡಳು. ಸಾವಿರ ಕೈ ಹಿಡಿದವಳು ಅಂಗೈ ಅದುಮುವುದನ್ನೇ ಮರೆತಳು. ಮಾತಿಗೆಳೆಯಲು ಅವಳಿಗೆ ಒಂದು ಮಾತೂ ಸಿಗಲಿಲ್ಲ. ಬ್ಯಾಂಡು ಹೆಬ್ಬೆರಳಿನ ಗೆಣ್ಣಿಗೆ ಸಿಕ್ಕಿಕೊಂಡಿತು, ಎಳೆದಳು, ಹಿಗ್ಗಿದ ರಬ್ಬರು ಬೆರಳಿನಿಂದ ತಪ್ಪಿ ಸರೋಜಕ್ಕನ ಮುಂಗೈಗೆ ಪಟ್ಟನೆ ಬಡಿಯಿತು.

ಸರೋಜಕ್ಕ ಕೆಂಪಗಾದ ಜಾಗವನ್ನು ಸವರಿಕೊಂಡಳು.

“ಈ ಸಲ ಗೊತ್ತಾಯ್ತು ನೋಡು,” ಎಂದಳು, ಆಮೇಲೆ ಪದ್ಮಲತಾಳ ಕೈಯನ್ನು ಬಿಡದೆಯೇ ಅವಳನ್ನು ಊಟಕ್ಕೆ ಎಬ್ಬಿಸಿದಳು.